ಯಾರೂ ಓದದ ಹೆಸರು

ನನಗಾಗ ಇಪ್ಪತ್ತು. ಅದಾಗಿ ಅರವತ್ತು ವರ್ಷದ ಮೇಲಾಯಿತು. ನಿನ್ನೆ ಅಣ್ಣನ ಮೊಮ್ಮಗಳು ಕಂಬಳಿ ತೊಳೆದು ಹರವಿದಳು. ಹಸಿ ಉಣ್ಣೆಯ ನಾತಕ್ಕೆ ನನ್ನ ಶಾಲೆ ನೆನಪಾಯಿತು. ನಗಬೇಡಿ, ನನಗೂ ಒಂದು ಶಾಲೆಯಿತ್ತು.

ಗಂಡ ಸತ್ತು ಗುಂಜೋಟಿಗೆ, ಅಣ್ಣನ ಮನೆಗೆ ಬಂದಿದ್ದೆ. ಕಲಿತದ್ದು ನಾಲ್ಕನೆಯ ಇಯತ್ತೆ. ಆಗ ಸರಕಾರದವರು ದೊಡ್ಡ ಹೆಂಗಸರಿಗೆ ಅಕ್ಷರ ಕಲಿಸುವವರನ್ನು ಹುಡುಕುತ್ತಿದ್ದರು. ಉದಗೀರದಿಂದ ಟಪಾಲಿನಲ್ಲಿ ಪಾಠ ಬರುತ್ತಿತ್ತು; ಮನೆಯಲ್ಲೇ ಓದಿ, ಊರಲ್ಲೇ ಕಲಿಸಿ, ಕಡೆಗೆ ಸಾಹೇಬರ ಮುಂದೆ ಪಾಠ ಮಾಡಿ ತೋರಿಸಬೇಕು. ಪಾಸಾದರೆ ಪಗಾರದ ನೌಕರಿ. ಇಲ್ಲದಿದ್ದರೆ ಅಣ್ಣನ ಹೊಲ, ಅತ್ತಿಗೆಯ ಮೋರೆ, ಸಾಯುವ ತನಕ.

ಕುರಿ ಸಾಕುವ ಮನೆಗಳ ಹೆಂಗಸರು ನನ್ನ ಪಾಲಿಗೆ ಬಂದರು. ಉಣ್ಣೆಯ ಕದಿರು ಬಿಟ್ಟು ಕೂಡಲು ಒಪ್ಪಲಿಲ್ಲ. ನೂಲುತ್ತಲೇ ಓದಿರಿ ಎಂದೆ. ಟಪಾಲಿನ ಪಾಠದಲ್ಲಿ ಹಾಗಿರಲಿಲ್ಲ. ಅವರಲ್ಲಿ ಲಕ್ಕವ್ವ ಚುರುಕು, ನನಗಿಂತ ದೊಡ್ಡವಳು. ಒಮ್ಮೆ ಯೆಣೆಗೂರಿನಿಂದ ಬಂದವಳೇ, "ತಂಗೀ, ಮೋಟಾರಿನ ಹಣಿಮ್ಯಾಗಿನ ಊರ ಹೆಸರ ಉಮರಗಾ ಅಂತ ನಾನೇ ಓದ್ದೆ! ಯಾರಿಗೂ ಕೇಳ್ಲೇ ಇಲ್ಲ" ಎಂದಳು. ನನ್ನ ಜನ್ಮದಲ್ಲಿ ಚಲೋ ದಿನ ಎಂದರೆ ಅದೇ. ಅದರ ಮೇಲೆ ಇನ್ನೊಂದು ಬರಲಿಲ್ಲ.

ಸಾಹೇಬರು ಬಂದರು. ಕೆಟ್ಟವರಲ್ಲ. ಹಗುರವಾದದ್ದು ಕೇಳೋಣವೆಂದು ಹಲಗೆಯ ಮೇಲೆ ತಾವೇ 'ಬೀರಪ್ಪ' ಎಂದು ಬರೆದರು.

"ಓದವ್ವಾ. ನಿಮ್ಮದೇ ದೇವ್ರು."

ಲಕ್ಕವ್ವ ಸೆರಗು ಎಳೆದುಕೊಂಡಳು. ಅವಳ ಗಂಡನ ಹೆಸರೂ ಬೀರಪ್ಪ. ಗಂಡನ ಹೆಸರು ಬಾಯಿಂದ ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ ನಮ್ಮ ಕಡೆ. ಆ ಕೇರಿಯಲ್ಲಿ ಮನೆಗೊಬ್ಬ ಬೀರಪ್ಪ. ಸಾಹೇಬರು ಬೆರಳು ತೋರಿದವರೆಲ್ಲ ನೆಲ ನೋಡಿದರು.

"ಬ್ಯಾರೆ ಏನರ ಬರೀರಿ, ಸಾಹೇಬ್ರ" ಎಂದಳು ಲಕ್ಕವ್ವ.

"ಇಷ್ಟು ಹಗೂರದ್ದೇ ಬರಂಗಿಲ್ಲ, ಬ್ಯಾರೆದು ಹ್ಯಾಂಗ ಬರ್ತದ?"

ನಾನು ತಡೆಯಲಾರದೆ, "ಅದು ಆಕಿ ಗಂಡನ ಹೆಸರು ರೀ" ಎಂದೆ.

"ಎಲ್ಲಾರಿಗೂ ಒಬ್ಬನೇ ಗಂಡ ಏನ್ರಿ?"

"ನನಗ ಮಾವ ಆಗಬೇಕ್ರೀ!" ಎಂದಳು ಹಿಂದೆ ಕೂತವಳು. ಹೆಂಗಸರು ಕಿಸಕ್ಕನೆ ನಕ್ಕರು. ಸಾಹೇಬರು ನಗಲಿಲ್ಲ. "ಅಕ್ಷರ ಬಿಟ್ಟು ನೆಪ ಚಲೋ ಕಲಿಸೀರಿ, ಬಾಯೋರೆ" ಎಂದು ನನ್ನನ್ನು ನಾಪಾಸು ಮಾಡಿ ಜೀಪು ಹತ್ತಿದರು. ಶಾಲೆ ಅಂದೇ ಮುಚ್ಚಿತು.

"ಗಂಡ ಬದಕಿರ್ಲಿ ಅಂತ ಸುಮ್ನಿದ್ದೆ, ತಂಗೀ. ನಿನ್ನ ಹೊಟ್ಟಿಮ್ಯಾಗ ಹೊಡ್ದಂಗಾತು" ಎಂದು ಲಕ್ಕವ್ವ ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನಾನೂ ಗಂಡನ ಹೆಸರು ಎಂದೂ ಆಡಿದವಳಲ್ಲ. ಆದರೂ ಅವನು ಮೂರು ದಿನದ ಜ್ವರಕ್ಕೆ ಹೋಗಿದ್ದ.

ಮರುದಿನ ಬೆಳಿಗ್ಗೆ ಖುರಪಿ ತಗೊಂಡು ಜೋಳದ ಹೊಲಕ್ಕೆ ಹೋದೆ. ಸುತ್ತ ಯಾರೂ ಇರಲಿಲ್ಲ. ಗಂಡನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕೂಗಿದೆ. ಆಮೇಲೆ ಕಳೆ ತೆಗೆಯಲು ಕೂತೆ.