ತಾಟು ತೊಳೆದ ನೀರು

ಸ್ವಿಟ್ಜರ್ಲೆಂಡಿನ ಶಾಲೆಗೆ ಹೋಗಲು ನಮ್ಮ ಮುತ್ಯಾ ಒಪ್ಪಿದ್ದು ಒಂದೇ ಒಂದು ಷರತ್ತಿನ ಮೇಲೆ. ಮುತ್ಯಾ ಅಂದರೆ ನನ್ನ ಅಪ್ಪನ ಅಪ್ಪ. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಅಂಗಡಿ. ಅಂಗಡಿಯ ಗಾದಿಯನ್ನು ಅಪ್ಪನಿಗೆ ಬಿಟ್ಟುಕೊಟ್ಟಿದ್ದರೂ ಮನೆಯಲ್ಲಿ ಮಾತು ಮಾತ್ರ ಅವರದೇ ನಡೆಯುತ್ತಿತ್ತು.

ಅದು ಎಪ್ಪತ್ತರ ದಶಕದ ಕೊನೆ. ಹೈದರಾಬಾದಿಗೆ ಹೋಗಿ ಪರೀಕ್ಷೆ ಬರೆದು, ಸಂದರ್ಶನದಲ್ಲಿ ಬಾಯಿಗೆ ಬಂದದ್ದೆಲ್ಲ ಮಾತಾಡಿ, ಹತ್ತಾರು ದೇಶಗಳ ಮಕ್ಕಳು ಒಟ್ಟಿಗಿದ್ದು ಓದುವ ಆ ಶಾಲೆಗೆ ವಿದ್ಯಾರ್ಥಿವೇತನ ಗಿಟ್ಟಿಸಿದ್ದೆ. ಓದು ಎರಡು ವರ್ಷದ್ದು. ಮುತ್ಯಾ ಹೂಂ ಅಂದದ್ದು ಒಂದು ವರ್ಷಕ್ಕೆ.

“ದೊಡ್ಡ ರಜಕ್ಕ ಮನಿಗಿ ಬರ್ತೀಯಲ್ಲ, ಆವಾಗ ನಿನ್ನ ನೋಡಿ ಮುಂದಿಂದು ಹೇಳ್ತೀನಿ. ಹಳ್ಳಿಖೇಡದವ್ರಿಗಿ ಅಲ್ಲೀತನಕ ತಡೀರಿ ಅಂದೀನಿ.”

ಹಳ್ಳಿಖೇಡದವರು ಅಂದರೆ ನನಗೆ ಬಂದಿದ್ದ ಸಂಬಂಧ. ಕಬ್ಬಿನ ಹೊಲ, ಹೊಸ ಟ್ರ್ಯಾಕ್ಟರು. ಹುಡುಗನನ್ನು ನಾನು ನೋಡಿರಲಿಲ್ಲ, ಟ್ರ್ಯಾಕ್ಟರನ್ನು ನೋಡಿದ್ದೆ. ಕೆಂಪಗೆ ಲಕಲಕ ಅನ್ನುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ನನಗೆ ಬೇಕಾಗಿದ್ದದ್ದು ಎರಡನೆಯ ವರ್ಷ.

ಷರತ್ತು ಇಷ್ಟೇ: “ಉಂಡ ಮ್ಯಾಲ ತಾಟ್ ತೊಳದು ಕುಡಿಯೋದು ಬಿಡಬ್ಯಾಡ. ಯಾರೇ ನಗಲಿ. ಪ್ರಸಾದ ಅದು.”

ನಮ್ಮ ಮನೆಯಲ್ಲಿ ಊಟ ಮುಗಿದ ಮೇಲೆ ತಾಟಿಗೆ ಚೂರು ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದೇ ಏಳಬೇಕು. ಒಂದಗುಳೂ ಮೋರಿ ಸೇರುವಂತಿಲ್ಲ. ಹಲ್ಲು ಬಂದಾಗಿನಿಂದ ಮಾಡಿಕೊಂಡು ಬಂದದ್ದು, ಇದೂ ಒಂದು ಷರತ್ತೇ ಎಂದು ನಕ್ಕು ಮಾತು ಕೊಟ್ಟುಬಿಟ್ಟೆ. ನಮ್ಮ ಕಡೆ ಊಟದ ಕೊನೆಗೆ ಮಜ್ಜಿಗೆ. ಹಾಗಾಗಿ ತಾಟು ತೊಳೆದ ನೀರು ಅಂದರೆ ಇನ್ನಷ್ಟು ತೆಳ್ಳಗಿನ ಮಜ್ಜಿಗೆ, ಅಷ್ಟೇ. ಆ ದೇಶದಲ್ಲಿ ಊಟ ಮಜ್ಜಿಗೆಯಿಂದ ಮುಗಿಯುವುದಿಲ್ಲ ಎಂದು ನನಗೆ ಒಬ್ಬರಾದರೂ ಹೇಳಬಾರದೇ?

ಮೊದಲನೆಯ ರಾತ್ರಿಯೂಟಕ್ಕೆ ಬೇಯಿಸಿದ ಆಲೂಗಡ್ಡೆ, ಗಜ್ಜರಿ, ಅದರ ಮೇಲೆ ಕರಗಿದ ಚೀಸಿನ ಹಳದಿ ಸಾರು. ಉದ್ದದ ಊಟದ ಕೋಣೆ, ಸಾಲುಸಾಲು ಟೇಬಲ್ಲು, ಎಲ್ಲ ಕಡೆ ಚಮಚ ಮುಳ್ಳುಚಮಚಗಳ ಟಣಟಣ. ಹೇಗೋ ತಿಂದು ಮುಗಿಸಿದೆ. ಜಗ್ಗಿನಿಂದ ನೀರು ಹಾಕಿಕೊಂಡು ಬೆರಳಾಡಿಸಿದರೆ ಚೀಸು ಹರಳೆಣ್ಣೆಯ ಹಾಗೆ ಮೇಲೆ ತೇಲಿತು. ಕಣ್ಣು ಮುಚ್ಚಿ, ಮುತ್ಯಾನನ್ನು ನೆನೆದು, ಎತ್ತಿ ಗಟಗಟ ಕುಡಿದೆ. ಕಣ್ಣು ಬಿಟ್ಟಾಗ ಟಣಟಣ ನಿಂತಿತ್ತು. ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು.

ಹುಡುಗಿಯರ ವಸತಿ ನೋಡಿಕೊಳ್ಳುವ ಮೇಡಂ ಬಂದು, ಹೊಟ್ಟೆ ಸರಿಯಿಲ್ಲವೇ ಎಂದು ಮೆತ್ತಗೆ ಕೇಳಿದರು. ನನ್ನ ಆಗಿನ ಇಂಗ್ಲಿಷಿನಲ್ಲಿ, ತಟ್ಟೆಯಲ್ಲಿ ದೇವರಿದ್ದಾನೆ, ಅವನನ್ನು ಬಿಟ್ಟು ಏಳಬಾರದು ಎಂದೆ. ಮೇಡಂ ತುಸು ಹಿಂದೆ ಸರಿದು ನಿಂತರು.

ನನ್ನೆದುರಿಗೆ ನಾರ್ವೆ ಕೂತಿದ್ದಳು. ಆ ಶಾಲೆಯಲ್ಲಿ ಎಲ್ಲರನ್ನೂ ದೇಶದ ಹೆಸರಿನಿಂದಲೇ ಕರೆಯುವುದು ರೂಢಿ. ಅವಳು ನಾರ್ವೆ, ನಾನು ಇಂಡಿಯಾ. ಆರಡಿ ಮೀರಿದ ಹುಡುಗಿ. ಯಾರಾದರೂ ಏನಾದರೂ ಮಾಡಿದರೆ ತಾನೂ ಮಾಡಿ ನೋಡದೆ ಅವಳಿಗೆ ಅದು ಅರ್ಥವಾಗುತ್ತಿರಲಿಲ್ಲ. ಸುಮ್ಮನೆ ತನ್ನ ತಟ್ಟೆಗೆ ನೀರು ಸುರಿದಳು, ತೊಳೆದಳು, ಕುಡಿದಳು. ಮುಖ ಹಿಂಡಿದ ನಿಂಬೆಹಣ್ಣಾಯಿತು, ಆದರೆ ಒಂದು ಹನಿ ಉಳಿಸಲಿಲ್ಲ. ಪಕ್ಕದಲ್ಲಿ ಘಾನಾ. ನಾನು ಕೈಯಿಂದ ತಿನ್ನುವುದನ್ನು ನೋಡಿಯೇ ಅವಳು ಖುಷಿಯಿಂದ ಚಮಚ ಎಸೆದು ತಾನೂ ಕೈ ಹಾಕಿದ್ದಳು. ಅವರ ಮನೆಯಲ್ಲೂ ಊಟ ಕೈಯಿಂದಲೇ ಅಂತೆ. ಅವಳೂ ಕುಡಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದವರು ಮಹಡಿಯ ಕೋಣೆ ಸೇರುವವರೆಗೂ ನಿಲ್ಲಿಸಲಿಲ್ಲ. ನಮ್ಮ ಗೆಳೆತನ ಆದದ್ದು ಹೀಗೆ, ಚೀಸಿನ ನೀರಿನಿಂದ.

ವಾರ ಕಳೆಯುವುದರೊಳಗೆ ಅದೊಂದು ಹುಚ್ಚಾಗಿ ಇಡೀ ಶಾಲೆಗೆ ಹಿಡಿಯಿತು. ಬ್ರೆಜಿಲ್ ಮತ್ತು ಇಟಲಿಯ ಹುಡುಗರು ಪಂದ್ಯ ಕಟ್ಟಿದರು: ಯಾರು ಬೇಗ ಕುಡಿಯುತ್ತಾರೆ, ಯಾರು ಸಾಸಿವೆಯ ಗೊಜ್ಜು ಕಲಸಿಕೊಂಡು ಕುಡಿಯುತ್ತಾರೆ. ಒಬ್ಬ ಕುರ್ಚಿ ಹತ್ತಿ ತಟ್ಟೆಯನ್ನು ತಲೆಯ ಮೇಲೆ ಇಟ್ಟುಕೊಂಡ. ನನಗೆ ಸಿಟ್ಟು ನೆತ್ತಿಗೇರಿತು. ಬೆಂಚಿನ ಮೇಲೆ ನಿಂತು, ಇಂಗ್ಲಿಷು ನೆನಪಾಗದೆ ನಮ್ಮ ಮಾತಿನಲ್ಲೇ ಕೂಗಿದೆ: “ಏ ಹುಚ್ಚ ಮಂಗ್ಯಾಗಳ್ರ್ಯಾ, ಪ್ರಸಾದ ಅದು, ಸರ್ಕಸ್ ಅಲ್ಲ! ಕೂಡ್ರಿ! ತಾಟ್ ತೊಳೀರಿ!” ಅವರು ಚಪ್ಪಾಳೆ ತಟ್ಟಿದರು. ಮರುದಿನದಿಂದ ಊಟದ ಕೋಣೆ ಹೊಕ್ಕವರೆಲ್ಲ ಕೈಯೆತ್ತಿ “ಕೂಡ್ರಿ! ತಾಟ್ ತೊಳೀರಿ!” ಅನ್ನುವುದೇ ನಮಸ್ಕಾರವಾಯಿತು.

ಮೇಡಂ ಸಹಿಸುವಷ್ಟು ಸಹಿಸಿ, ಕೊನೆಗೆ ಎಲ್ಲರಿಗೂ ಅದನ್ನು ನಿಷೇಧಿಸಿದರು. ಎಲ್ಲರಿಗೂ ಅಂದರೆ ನನಗೂ.

ಕೊಟ್ಟ ಮಾತು ತಪ್ಪಿದರೆ ಯಾವ ಮುಖ ಹೊತ್ತು ಮುತ್ಯಾನ ಮುಂದೆ ನಿಂತು ಎರಡನೆಯ ವರ್ಷ ಕೇಳಲಿ? ಮೇಡಂ ಮಾತು ಮೀರಿದರೆ ಈ ವರ್ಷವೇ ಮುಗಿಯಿತು. ರಾತ್ರಿಯೆಲ್ಲ ಹೊರಳಾಡಿ ಒಂದು ಉಪಾಯ ಕಂಡುಕೊಂಡೆ. ತಾಟೇ ಇಲ್ಲದಿದ್ದರೆ ತೊಳೆಯುವುದೆಲ್ಲಿ ಬಂತು? ಅಂದಿನಿಂದ ಕೈಯಲ್ಲಿ ಹಿಡಿದು ತಿನ್ನುವಂಥದ್ದನ್ನು ಮಾತ್ರ ತಿಂದೆ: ಬ್ರೆಡ್ಡು, ಸೇಬು, ಮತ್ತೆ ಬ್ರೆಡ್ಡು. ನಾರ್ವೆ, ಘಾನಾ ಇಬ್ಬರೂ ನನ್ನ ಎಡಬಲಕ್ಕೆ ಕೂತು ಅದನ್ನೇ ತಿಂದರು. ಬೇಡ ಎಂದು ಬೈದೆ, ಕೇಳಲಿಲ್ಲ. ನಾರ್ವೆಯ ಆ ಎತ್ತರಕ್ಕೆ ಬ್ರೆಡ್ಡು ಎಲ್ಲಿ ಸಾಲಬೇಕು? ಒಂದು ಮಧ್ಯಾಹ್ನ ಹಿಮದ ಇಳಿಜಾರಿನಲ್ಲಿ ಜಾರುತ್ತಿದ್ದ ನಾರ್ವೆ ಕಣ್ಣು ಕತ್ತಲೆ ಬಂದು ನೇರ ಹೋಗಿ ಮೇಡಂ ಅವರ ಮೇಲೇ ಬಿದ್ದಳು. ಇಬ್ಬರೂ ಉರುಳಿ ಉರುಳಿ ಕೆಳಗೆ ಹೋದರು. ಹಿಮ ಕೊಡವಿಕೊಂಡು ಎದ್ದ ಮೇಡಂ, ಏನಾಗಿದೆ ನಿನಗೆ ಎಂದಾಗ ಅವಳು ಬಿದ್ದಲ್ಲಿಂದಲೇ “ಹಸಿವು” ಎಂದಳಂತೆ.

ಬ್ರೆಡ್ಡಿನ ಕಥೆಯೆಲ್ಲ ಕೇಳಿದ ಮೇಡಂ ಆ ಸಂಜೆ ಕಿಟಕಿಯ ಹತ್ತಿರದ ಒಂದು ಟೇಬಲ್ಲನ್ನು ನಮಗೆ ಬಿಟ್ಟುಕೊಟ್ಟರು. ಅಲ್ಲಿ ಕೂತವರು ತಟ್ಟೆ ತೊಳೆದು ಕುಡಿಯಬಹುದು, ಆದರೆ ಪಂದ್ಯ ಕಟ್ಟುವಂತಿಲ್ಲ, ಕುರ್ಚಿ ಹತ್ತುವಂತಿಲ್ಲ. ಪಂದ್ಯದ ಹುಡುಗರು ತಾವಾಗಿಯೇ ದೂರವಾದರು. ನಾವು ಮೂವರು ವರ್ಷವಿಡೀ ಅಲ್ಲೇ ಕೂತೆವು.

ದೊಡ್ಡ ರಜೆ ಬಂತು. ಇಬ್ಬರೂ ನನ್ನ ಜೊತೆ ಊರಿಗೆ ಹೊರಟರು. ಮುತ್ಯಾ ನನ್ನನ್ನು ನೋಡಿ ಮುಂದಿನದು ಹೇಳುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ವಿಮಾನದುದ್ದಕ್ಕೂ ಅವರಿಬ್ಬರದೂ ಅದೇ ಚಿಂತೆ. ಹೈದರಾಬಾದಿನಿಂದ ಅಪ್ಪ ಬಸ್ಸಿನಲ್ಲಿ ಕರೆತಂದು, ಹುಮನಾಬಾದಿನಲ್ಲಿ ನಮ್ಮನ್ನು ಇಳಿಸಿ, ಬಸವಕಲ್ಯಾಣದ ಬಸ್ಸು ತೋರಿಸಿ ಅಂಗಡಿಗೆ ಹೋದರು. ಬಸ್ಸು ಹೊರಡಲು ಹೊತ್ತಿತ್ತು. ನಿಲ್ದಾಣದೆದುರಿನ ಹೋಟೆಲಿನಲ್ಲಿ ಚುರುಮುರಿಯ ಸುಸಲಾ, ಮೆಣಸಿನಕಾಯಿ ಭಜಿ ತಿಂದೆವು. ಘಾನಾ ಖಾರಕ್ಕೆ ಸೈ ಅಂದಳು, ನಾರ್ವೆಯ ಕಣ್ಣು ಮೂಗೆಲ್ಲ ಹರಿಯಿತು. ಆದರೂ ಇಬ್ಬರೂ ನೀರು ತರಿಸಿ, ಸ್ಟೀಲಿನ ಪ್ಲೇಟು ತೊಳೆದು ಕುಡಿದರು. ಭಜಿ ಕರಿಯುತ್ತಿದ್ದ ಮಾಲಕ ಬಾಣಲೆ ಹಾಗೇ ಬಿಟ್ಟು ಎದ್ದು ಬಂದ.

“ಯವ್ವಾ, ಇವ್ರ ಊರಾಗೂ ಶರಣರು ಅದಾರೇನ್ರಿ?”

“ಈಗ ಇಬ್ಬರು ಆಗ್ಯಾರ್ರಿ,” ಎಂದೆ.

ಬಸ್ಸಿನಲ್ಲಿ ನಾರ್ವೆಯ ತಲೆ ಪ್ರತಿ ಗುಂಡಿಗೂ ಮೇಲಿನ ತಗಡಿಗೆ ಬಡಿಯುತ್ತಿತ್ತು. ಪಕ್ಕದ ಸೀಟಿನ ಮುದುಕ ಸಾಬರು ಮರುಗಿದರು: “ಅರೆ ಬೇಟಿ, ಇತ್ತಿ ಊಂಚಿ ಕೈಕೊ ಹುಯಿ ತೂ?” ಇಷ್ಟು ಉದ್ದ ಯಾಕೆ ಬೆಳೆದೆ ಮಗಳೇ ಎಂದು. ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬಹಳ ಯೋಚಿಸಿ, ಮೀನು ತಿಂದು ಎಂದಳು. ಅದನ್ನು ಅವರಿಗೆ ತಿಳಿಸಿದಾಗ ಇಡೀ ಬಸ್ಸು ನಕ್ಕಿತು.

ಮನೆಯಲ್ಲಿ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಪರದೇಶದವರು ಬರುತ್ತಾರೆಂದು ಕಾರಭಾರ ಮಾಡಿಟ್ಟಿದ್ದರು. ಎಲ್ಲಿಂದಲೋ ಟೇಬಲ್ಲು, ಕುರ್ಚಿ, ಪಿಂಗಾಣಿ ತಟ್ಟೆ, ಮಿರಿಮಿರಿ ಚಮಚ. ಜನ್ಮದಲ್ಲಿ ಕುರ್ಚಿಯ ಮೇಲೆ ಕೂತು ಉಣ್ಣದ ಮುತ್ಯಾ ಅದರ ಮೇಲೆ ಕಾಲು ಮಡಚಿ ಕೂತಿದ್ದರು. ನಾರ್ವೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಯಪ್ಪಾ, ಈಕಿ ಜ್ವಾಳದ ದಂಟ್ ಇದ್ದಂಗ ಅದಾಳ!” ಎಂದರು. ಆಮೇಲೆ ನನ್ನನ್ನು ನೋಡಿದರು. ಬಡಿಸಲು ಅವ್ವನಿಗೆ ಹೇಳಿದರು.

ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ತುಪ್ಪ, ಕೊನೆಗೆ ಮಜ್ಜಿಗೆ. ಗೆಳತಿಯರು ಚಮಚ ಮುಟ್ಟಲಿಲ್ಲ. ಕಾಕಾನಿಗೆ ಅದೇ ಬೇಜಾರು. ಊಟ ಮುಗಿಯಿತು. ನಾನು ನೀರಿನ ತಂಬಿಗೆಗೆ ಕೈ ಚಾಚುವಷ್ಟರಲ್ಲಿ ಮುತ್ಯಾ ತಮ್ಮ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಅವ್ವನಿಗೆ “ಒಳಗ ಇಡು, ಆಮ್ಯಾಲ ನೋಡ್ತೀನಿ” ಎಂದು ಎದ್ದುಬಿಟ್ಟರು. ತೊಳೆಯಲಿಲ್ಲ. ಕುಡಿಯಲಿಲ್ಲ. ನನ್ನ ಕೈ ತಂಬಿಗೆಯ ಮೇಲೆಯೇ ನಿಂತಿತು. ಆ ಮನೆಯಲ್ಲಿ ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಕಾಕಾ ನನಗೆ, ನೀನೂ ಏಳು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು.

ಅಷ್ಟರಲ್ಲಿ ನಾರ್ವೆ ಎದ್ದು ನಿಂತಳು. ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ಒಂದೇ ಉಸಿರಿನಲ್ಲಿ ಹೊರಬಂತು:

“ಮುತ್ಯಾ! ಕೂಡ್ರಿ! ತಾಟ್ ತೊಳೀರಿ!”

ನಾನು ಬೆಂಚಿನ ಮೇಲೆ ನಿಂತು ಕೂಗಿದ್ದ ಧಾಟಿಯೇ, ಕೈ ಕೂಡ ಹಾಗೇ ಎತ್ತಿದ್ದಳು. ಘಾನಾ ಮುಚ್ಚಿದ ತಟ್ಟೆಯನ್ನು ತೆಗೆದು, ತಂಬಿಗೆಯನ್ನು ಅವರ ಕಡೆ ಸರಿಸಿದಳು. ಕಾಕಾ ತಲೆಯ ಮೇಲೆ ಕೈ ಹೊತ್ತರು. ಮುತ್ಯಾ ನಿಂತಲ್ಲೇ ತಿರುಗಿದರು.

“ಇವ್ರೂ ಕುಡೀತಾರೇನ?”

“ವರ್ಷ ಆತು ಮುತ್ಯಾ, ಮೂರೂ ಮಂದಿ ಕುಡಿಯಾಕತ್ತೀವಿ.”

ಅವರು ನಿಧಾನವಾಗಿ ಬಂದು ಕುರ್ಚಿಯ ಮೇಲೆ ಮತ್ತೆ ಕಾಲು ಮಡಚಿ ಕೂತರು. “ಒಳಗ ಹೋಗಿ ಕುಡಿಯಾಂವ ಇದ್ದೆ ನಾ. ಇವ್ರು ನೋಡಿ ನಕ್ಕರ ನಿನ್ನ ಇಜ್ಜತ್ ಹೋಗ್ತದಂತ ನಿಮ್ಮ ಕಾಕಾ ಅಂದ.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. “ಯಾರೇ ನಗಲಿ ಅಂದವ್ರು ನೀವೇ ಅಲ್ರೀ!”

“ಅಂದಿದ್ದೆ. ನನಗ ನಗಲಿ ಬಿಡು, ಫಿಕರ್ ಇಲ್ಲ. ನಿನಗ ನಗ್ತಾರಂದ್ರ ಜೀವ ತಡೀಲಿಲ್ಲ ತಂಗಿ.”

ತಟ್ಟೆಗೆ ನೀರು ಹಾಕಿಕೊಂಡರು. ನಾವೂ ಹಾಕಿಕೊಂಡೆವು. ನಾಲ್ವರೂ ಒಟ್ಟಿಗೆ ಎತ್ತಿ ಕುಡಿದೆವು. ಕೆಳಗಿಟ್ಟ ಕೂಡಲೇ ನಾರ್ವೆ ಕಣ್ಣರಳಿಸಿ ತಟ್ಟೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಇಂಗ್ಲಿಷಿನಲ್ಲಿ ನನಗೆ ಮಂಗಳಾರತಿ ಎತ್ತಿದಳು. ಘಾನಾ ಟೇಬಲ್ಲು ಗುದ್ದಿ ಗುದ್ದಿ ನಕ್ಕಳು.

“ಏನ್ ಅಂತಾಳ?” ಮುತ್ಯಾ ಗಾಬರಿಯಾದರು.

“ಇದು ಇಷ್ಟು ರುಚಿ ಇರ್ತದಂತ ಯಾಕ ಹೇಳಲಿಲ್ಲ, ವರ್ಷಪೂರ್ತಿ ಬರೇ ಚೀಸಿನ ನೀರು ಕುಡಿಸೀದಿ ಅಂತಾಳ್ರಿ.”

ಚೀಸು ಅಂದರೇನು, ತೊಳೆದರೆ ಅದು ಹೇಗೆ ತೇಲುತ್ತದೆ ಎಂದೆಲ್ಲ ಬಿಡಿಸಿ ಹೇಳಬೇಕಾಯಿತು. ಮುತ್ಯಾ ಮೊದಲು ಮೂಗು ಮುರಿದರು, ಆಮೇಲೆ ನಗಲು ಹತ್ತಿದರು. ಕುರ್ಚಿ ಅಲುಗಾಡುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಧೋತರದ ತುದಿಯಿಂದ ಕಣ್ಣೊರೆಸಿಕೊಂಡು ಹೇಳಿದರು:

“ಈ ಸಲ ಹೋಗಾಗ ಮಜ್ಜಿಗಿ ಮಾಡೋದು ಕಲ್ತು ಹೋಗು. ಪಾಪ, ಮಂದಿ ಹುಡುಗ್ಯಾರಿಗಿ ಏನೇನ್ ಕುಡಿಸೀದಿ.”

ಆ ಮಾತು ನನ್ನ ತಲೆಗೆ ಹೋಗಲು ತುಸು ಹೊತ್ತು ಹಿಡಿಯಿತು. ಕಾಕಾನಿಗೆ ಬೇಗ ಹೋಯಿತು.

“ಮತ್ತ ಹಳ್ಳಿಖೇಡದವ್ರಿಗಿ ಏನ್ ಹೇಳೋದು ಅಪ್ಪಾ?”

“ಬ್ಯಾರೆ ಕಡಿ ನೋಡ್ಕೋರಿ ಅಂತ ಹೇಳು. ಟ್ರ್ಯಾಕ್ಟರ್ ಇದ್ದವ್ರಿಗಿ ಹೆಣ್ಣ ಸಿಗ್ತಾವ.”

ನಾನು ಕುರ್ಚಿ ಹಿಂದಕ್ಕೆ ಬೀಳಿಸಿ ಎದ್ದೆ. ಗೆಳತಿಯರಿಗೆ “ಎರಡನೆಯ ವರ್ಷ!” ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಅಡುಗೆಮನೆಗೆ ಓಡಿ, ಅವ್ವನನ್ನು ಒಂದು ಸುತ್ತು ತಿರುಗಿಸಿ, ಗೋಡೆಗೆ ಒರಗಿಸಿದ್ದ ಕಡಗೋಲು ಕೈಗೆ ತೆಗೆದುಕೊಂಡೆ.