ಹಣ್ಣು ಹುಳು ಆಯುತ್ತಿದ್ದ ಕೈ

ರೇಷ್ಮೆ ಹುಳುವನ್ನು ನಮ್ಮಕ್ಕ ನಂಜಮ್ಮ ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಅದು ಹಣ್ಣಾಗಿ ಗೂಡು ಕಟ್ಟುತ್ತದೋ ಇನ್ನೂ ಸೊಪ್ಪು ತಿನ್ನುತ್ತದೋ ಹೇಳಿಬಿಡುತ್ತಿದ್ದಳು. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ಹುಳು ಆಯಲು ಅಕ್ಕಪಕ್ಕದವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಒಂದು ಹುಳುವೂ ಅವಳ ಕೈಯಲ್ಲಿ ನಲುಗಿದ್ದಿಲ್ಲ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಾಗ, "ಹೋಗಮ್ಮ, ಮನೆ ಕಟ್ಕೋ ಹೋಗು" ಎನ್ನುತ್ತಿದ್ದಳು. ನಾನು ಸೊಪ್ಪು ದಪ್ಪಗೆ ಹೆಚ್ಚಿದರೆ, "ಏನೋ ಇದು, ಹುಳಕ್ಕೋ ಎಮ್ಮೆಗೋ?" ಎಂದು ಛೇಡಿಸುತ್ತಿದ್ದಳು.

ಮದುವೆಯಾಗಿ ಹೋದ ಮೇಲೆ ಅವಳಿಗೆ ಯಾರೋ ಮಾತಾಡಿಸಿದ ಹಾಗೆ ಕೇಳಿಸತೊಡಗಿತು. ಗಂಡ ತವರಿಗೆ ತಂದು ಬಿಟ್ಟುಹೋದ. ಆಗಿನ್ನೂ ಈ ಕಾಯಿಲೆಯ ಮಾತ್ರೆಗಳು ಹೊಸವು. ಚಿಕ್ಕಬಳ್ಳಾಪುರದ ಡಾಕ್ಟರು ಕೊಟ್ಟದ್ದರಿಂದ ದನಿಗಳು ಕಮ್ಮಿಯಾದವು, ಪೂರ್ತಿ ನಿಲ್ಲಲಿಲ್ಲ. ಅಷ್ಟರಲ್ಲಿ ಗೌರಿಬಿದನೂರಿನಿಂದ ನನಗೆ ಹೆಣ್ಣು ಕೊಡುವವರು ಮನೆ ನೋಡಲು ಬರುತ್ತೇವೆಂದರು. ಅವರೆದುರು ಅಕ್ಕ ಗೋಡೆಯ ಜೊತೆ ಮಾತಾಡಿದರೆ ಸಂಬಂಧ ಮುರಿಯುತ್ತದೆಂದು ನನಗೆ ಭಯ. ಚಿಂತಾಮಣಿಯ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಮೊದಲ ಮಾತ್ರೆಯ ವಿಷಯ ಹೇಳಲಿಲ್ಲ. ಅಕ್ಕ ಬೇಗ ಸುಮ್ಮನಾಗಲಿ ಎಂದು ಅವರು ಕೊಟ್ಟ ಮಾತ್ರೆಯನ್ನೂ ಹಳೆಯದನ್ನೂ ಸೇರಿಸಿ ಕೊಟ್ಟೆ.

"ಕತ್ತು ತಾನೇ ತಿರುಗುತ್ತೆ ಕಣೋ, ನಾನಲ್ಲ" ಅಂದಳು.

"ಅವರು ಬಂದೋಗೋವರ್ಗೂ ನಾಟಕ ಆಡ್ಬೇಡಕ್ಕಾ" ಎಂದು ಗದರಿಸಿದೆ.

ನೆಂಟರು ಕೂತಿದ್ದಾಗ ಅವಳು ಹುಳುಮನೆಯ ಬಾಗಿಲಿಗೆ ಬಂದಳು. ಕತ್ತು ಒಂದು ಕಡೆ ತಿರುಚಿಕೊಂಡಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಯುತ್ತಿತ್ತು. ನನ್ನ ಕಡೆ ಕೈ ಚಾಚಿದಳು.

"ಯಾರಪ್ಪ ಈಯಮ್ಮ?" ಅಂದರು ಹೆಣ್ಣಿನ ತಂದೆ.

"ಹುಳ ನೋಡ್ಕೊಳ್ಳೋಳು" ಅಂದೆ.

ಅವರು ಹೋದ ಮೇಲೆಯೇ ಅವಳನ್ನು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದದ್ದು. ಡಾಕ್ಟರು ಎರಡೂ ಪೊಟ್ಟಣ ನೋಡಿ, "ಎರಡೂ ಒಂದೇ ಜಾತಿಯವು ಕಣಯ್ಯ. ಒಟ್ಟಿಗೆ ಸೇರಿ ನರ ಹಿಡಿದಿವೆ. ಒಂದು ಮಾತು ಕೇಳಬಾರದಾಗಿತ್ತಾ?" ಎಂದು ಸೂಜಿ ಚುಚ್ಚಿದರು. ಕತ್ತು ನೆಟ್ಟಗಾಯಿತು. ಕೈಯ ನಡುಕ ಹೋಗಲಿಲ್ಲ. ಹಳೆಯ ಮಾತ್ರೆಯನ್ನೂ ಬಿಡಿಸಿದರೆ ದನಿಗಳು ಬರುತ್ತಿದ್ದವು, ಕೊಟ್ಟರೆ ಕೈ ನಡುಗುತ್ತಿತ್ತು. ಹುಳುಗಳು ಅವಳ ಬೆರಳಿಂದ ಜಾರಿ ಬೀಳುತ್ತಿದ್ದವು. ನಾನು ನೋಡುತ್ತ ನಿಲ್ಲುತ್ತಿದ್ದೆ.

ಆ ಸಂಬಂಧವೇ ಕೂಡಿಬಂದು ನನ್ನ ಮದುವೆಯಾಯಿತು. ಅಕ್ಕ ಆ ದಿನದ ಮಾತೆತ್ತಲಿಲ್ಲ. ಎಷ್ಟೋ ವರ್ಷದ ಮೇಲೆ, ತಾನು ಜ್ವರ ಹಿಡಿದು ಮಲಗಿದ್ದಾಗ, ಒಮ್ಮೆ ನನ್ನನ್ನು ಹತ್ತಿರ ಕರೆದು ಅಂಗೈ ಚಾಚಿದಳು.

"ಇಷ್ಟ್ ವರ್ಷ ಹುಳ ನೋಡ್ಕೊಂಡೆ. ಕೂಲಿ ಕೊಡಲ್ವೇನಪ್ಪಾ?"

ಹೇಳಿ ನಕ್ಕಳು. ಅವಳು ನಕ್ಕಿದ್ದನ್ನು ಕಂಡದ್ದು ಅದೇ ಕೊನೆ. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ನಡುಕ ನಿಲ್ಲಲಿಲ್ಲ.