ಮಗ್ಗದ ಗುಂಡಿಗಿಳಿದ ಸಿಸ್ಟರಮ್ಮ

ಓಮಲೂರಿಗೆ ಹೋಗುವ ಬಸ್ಸಿನಲ್ಲಿ ಅವ್ವ ಹಳೆಯ ಅಲ್ಯೂಮಿನಿಯಂ ಬೋಗುಣಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಅದು ಒಂದು ಕಡೆ ನೆಗ್ಗಿದೆ. ಕಂಡಕ್ಟರು ಬೋಗುಣಿಯನ್ನೂ ಅವಳ ಮುಖವನ್ನೂ ನೋಡಿ, ಏನೂ ಕೇಳದೆ ಟಿಕೆಟ್ ಹರಿದು ಕೊಟ್ಟರು. ನೀವಾಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ. ಹೇಳುತ್ತೇನೆ, ಊರು ಬರಲು ಇನ್ನೂ ಹೊತ್ತಿದೆ.

ನಮ್ಮದು ಸೇಲಂನ ಕನ್ನಡ ನೇಕಾರರ ಕೇರಿ. ನಡುಮನೆಯಲ್ಲೇ ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸಬೇಕು. ನೋಡುವವರು ಇದನ್ನು ಕೈಮಗ್ಗ ಅನ್ನುತ್ತಾರೆ, ಪಾಪ, ಕಾಲಿಗೆ ಹೆಸರೇ ಇಲ್ಲ. ಅಪ್ಪ ಹೋದ ಮೇಲೆ ಅವ್ವ ಆ ಎರಡು ಕಾಲುಗಳನ್ನೇ ನಂಬಿಕೊಂಡು ನನ್ನನ್ನು ಓದಿಸಿ, ಮದುವೆ ಮಾಡಿ ಕಳಿಸಿದಳು. ಇಪ್ಪತ್ತು ವರ್ಷದ ಹಿಂದೆ ಅವಳ ಬಲಗಾಲಿನ ಕಿರುಬೆರಳ ಬುಡದಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು ಎದ್ದಿತು. ದಿನಾ ತೊಳೆದು ಕಟ್ಟದಿದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿಬಿಟ್ಟರು. ನಾನು ಗಂಡನ ಮನೆಯಿಂದ ಓಡಿ ಬಂದೆ.

ಬಂದು ಮಾಡಿದ್ದೇನು? ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಆ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಾಚೆ ನಿಂತೆ. ಗಂಜಿ ಕಾಯಿಸಿದೆ, ಔಷಧಿ ತಂದೆ, ಬುದ್ಧಿ ಹೇಳಿದೆ. ಆ ಕಾಲೊಂದನ್ನು ಮಾತ್ರ ಮುಟ್ಟಲಾಗಲಿಲ್ಲ. ಹೆತ್ತವಳ ಹುಣ್ಣಿಗೆ ಹೇಸಿದೆನಲ್ಲ ಎಂಬ ನಾಚಿಕೆ ಈಗಲೂ ಹೋಗಿಲ್ಲ.

ಆಗ ನಮ್ಮ ಕೇರಿಗೆ ಸಿಸ್ಟರಮ್ಮ ಬರುತ್ತಿದ್ದರು. ಕ್ರೈಸ್ತ ಸನ್ಯಾಸಿನಿ, ನರ್ಸ್ ಕೆಲಸ ಕಲಿತವರು, ಐವತ್ತು ದಾಟಿದ ದಪ್ಪ ಹೆಂಗಸು. ಕಾಯಿಲೆಯವರ ಮನೆ ಹುಡುಕಿಕೊಂಡು ನಡೆದೇ ಬರುವರು. ಹುಟ್ಟಿದ್ದು ಕನ್ನಡ ಆಡುವವರಿರುವ ಮಾರಂಡಹಳ್ಳಿ ಕಡೆ, ಹಾಗಾಗಿ ನಮ್ಮ ಕನ್ನಡವನ್ನೇ ಆಡುವರು, ನಮ್ಮಂತೆಯೇ ನಡುನಡುವೆ ತಮಿಳು ಬೆರೆಸಿ. "ಮತಕ್ಕೆ ಸೇರ್ಸೋಕೆ ಬತ್ತಾವ್ರೆ, ನೋಡ್ಕೋ" ಎಂದು ಪಕ್ಕದ ಮನೆಯಾಕೆ ನನ್ನ ಕಿವಿ ಕಚ್ಚಿದಳು. ಸಿಸ್ಟರಮ್ಮ ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ನಾನು ಅವರ ಚೀಲ ಜಾಲಾಡಿದೆ. ಸಿಕ್ಕಿದ್ದು ಹತ್ತಿ, ಬಟ್ಟೆಪಟ್ಟಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ.

ಅವ್ವನ ಹೆದರಿಕೆಯೇ ಬೇರೆ. ದೇವರಿಗೆ ಬಾಳು ಮುಡಿಪಿಟ್ಟವರ ಕಾಲಿಗೆ ನಾವು ಬೀಳಬೇಕು, ಅವರು ನಮ್ಮ ಕಾಲು ಮುಟ್ಟುವುದುಂಟೇ? ಅದಕ್ಕೇ ಸಿಸ್ಟರಮ್ಮ ಬರುವ ಹೊತ್ತಿಗೆ ಸರಿಯಾಗಿ ಮಗ್ಗಕ್ಕೆ ಕೂತುಬಿಡುವಳು. ಕಾಲು ಗುಂಡಿಯ ಕತ್ತಲಲ್ಲಿ, ಕಾಣುವುದು ನಗುಮುಖ ಮಾತ್ರ. "ವಾಸಿ ಆಗೋಯ್ತು ಸಿಸ್ಟರಮ್ಮ, ನೀವ್ ಓಗ್ಬನ್ನಿ." ಮೂರು ದಿನ ಇದೇ ಆಯಿತು. ಹುಣ್ಣಿಗೆ ಗುಂಡಿಯ ಧೂಳು, ನೂಲಿನ ಜುಂಗು ಮೆತ್ತಿಕೊಳ್ಳುತ್ತಿತ್ತು. ನನಗೆ ಗೊತ್ತಿದ್ದೂ ಸುಮ್ಮನಿದ್ದೆ.

ನಾಲ್ಕನೆಯ ದಿನ ಸಿಸ್ಟರಮ್ಮ ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು. ಬಾಯಿ ಸುಳ್ಳು ಹೇಳಬಹುದು, ಹುಣ್ಣು ಹೇಳುತ್ತದೆಯೇ? ಚಪ್ಪಲಿ ಬಿಟ್ಟರು, ಬಿಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು, ನನ್ನ ಹತ್ತಿರ ಒಂದು ಬೋಗುಣಿ ಬಿಸಿನೀರು ಕೇಳಿದರು. ಆಮೇಲೆ ಬೋಗುಣಿ ಹಿಡಿದು ಬಗ್ಗಿ, ಮಗ್ಗದ ಮೇಲೆ ಬಿಗಿದಿದ್ದ ನೂಲಿನಡಿ ನುಸುಳಿ ಗುಂಡಿಗೇ ಇಳಿದುಬಿಟ್ಟರು.

"ಅಯ್ಯಯ್ಯೋ, ಬ್ಯಾಡಿ! ನಂಗ್ ಪಾಪ ಬತ್ತೈತೆ!" ಅವ್ವ ಕಾಲೆಳೆದುಕೊಳ್ಳಲು ನೋಡಿದಳು. ಆ ಇಕ್ಕಟ್ಟಿನಲ್ಲಿ ಎಲ್ಲಿಗೆ ಎಳೆದುಕೊಂಡಾಳು?

ಗುಂಡಿಯೊಳಗಿಂದ ದನಿ ಬಂತು. "ನಮ್ ಯೇಸಪ್ಪನೇ ತಮ್ ಶಿಷ್ಯರ, ಬೆಸ್ತರ ಕಾಲು ತೊಳ್ದವ್ರೆ ಕಣಮ್ಮ. ನಾನೇನ್ ಅವ್ರ್ಗಿಂತ ದೊಡ್ಡೋಳಾ?"

ಅವ್ವ ಗುಂಡಿಯೊಳಕ್ಕೆ ಬಗ್ಗಿ ನೋಡಿದಳು. "ಅವ್ರು ಸುಮ್ಕೆ ತೊಳಿಸ್ಕೊಂಡ್ರಾ?"

"ಒಬ್ರು ಒಲ್ಲೆ ಅಂದ್ರು. ನಿಮ್ ತರಾನೇ ಮೊಂಡು. ಆಮ್ಯಾಕೆ ಒಪ್ಕೊಂಡ್ರು. ಕಾಲ್ ಕೊಡಿ."

ಅವ್ವ ಅಳುತ್ತಲೇ ಕಾಲು ಕೊಟ್ಟಳು. ಸಿಸ್ಟರಮ್ಮ ಮೇಲೆ ಬರುವಾಗ ಮಗ್ಗದ ಮರಕ್ಕೆ ತಲೆ ಹೊಡೆಸಿಕೊಂಡರು, ಕೈ ಜಾರಿ ಬೋಗುಣಿ ಬಿದ್ದು ನೆಗ್ಗಿತು. ತಲೆತುಂಬ ಜುಂಗು ಹೊತ್ತು ಅವರು ಕಿಲಕಿಲ ನಕ್ಕಿದ್ದು ಕಣ್ಣಿಗೆ ಕಟ್ಟಿದೆ. ಎರಡು ತಿಂಗಳು ತಪ್ಪದೆ ಬಂದರು. ಕಿರುಬೆರಳು ಹೋಯಿತು, ಪಾದ ಉಳಿಯಿತು. ತೊಳೆದವರು ಅವರು. ಟಾರ್ಚ್ ಹಿಡಿದವಳು ನಾನು, ಅದೂ ಮೂಗು ಮುಚ್ಚಿಕೊಂಡು.

ಓಮಲೂರು ಬಂತು. ವಯಸ್ಸಾದ ಸಿಸ್ಟರುಗಳ ಮನೆ ಬಸ್‌ಸ್ಟ್ಯಾಂಡಿನ ಹತ್ತಿರವೇ ಇದೆ. ಸಿಸ್ಟರಮ್ಮನ ಕಾಲು ಊದಿ ಹುಣ್ಣಾಗಿದೆ, ಕಟ್ಟಲು ಬರುವವರಿಗೂ ತೋರಿಸುತ್ತಿಲ್ಲ ಎಂದು ಅಲ್ಲಿಂದ ಫೋನ್ ಬಂದ ದಿನದಿಂದ ಅವ್ವ ನಿದ್ದೆ ಮಾಡಿಲ್ಲ.

ಕುರ್ಚಿಯಲ್ಲಿದ್ದ ಸಿಸ್ಟರಮ್ಮ ನಮ್ಮನ್ನು ಕಂಡು ಅರಳಿದರು. ಬೋಗುಣಿ ಕಂಡದ್ದೇ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡರು. "ಏನಿಲ್ಲಮ್ಮ, ವಾಸಿ ಆಗೋಯ್ತು."

ಅವ್ವ ನಕ್ಕಳು. "ಒಬ್ರು ಒಲ್ಲೆ ಅಂದಿದ್ರಂತಲ್ಲ, ಅವ್ರೂ ಆಮ್ಯಾಕೆ ಒಪ್ಕೊಂಡ್ರಂತೆ. ಕಾಲ್ ಕೊಡಿ."

ಕೂರಲು ಹೋದಳು, ಆಗಲಿಲ್ಲ. ಅವಳ ಮಂಡಿ ಮಡಚದೆ ವರ್ಷವಾಯಿತು. ಅರ್ಧ ಬಗ್ಗಿದವಳು ಹಾಗೇ ನಿಂತು ಬೋಗುಣಿಯನ್ನು ನನ್ನ ಕಡೆ ಚಾಚಿದಳು.

ನಾನು ನೆಲದ ಮೇಲೆ ಕೂತೆ. ಸಿಸ್ಟರಮ್ಮ ನಿಧಾನವಾಗಿ ಕಾಲು ಮುಂದೆ ಚಾಚಿದರು. ಹುಣ್ಣಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಅದೇ ವಾಸನೆ. ಮೂಗು ಮುಚ್ಚಿಕೊಳ್ಳಲಿಲ್ಲ. ನನ್ನ ಎರಡು ಕೈಗಳಲ್ಲೂ ಅವರ ಪಾದವಿತ್ತು.